ಆಯಿಯ ಕೋಣೆ

ಹುನಗುಂದದ ನಮ್ಮ ಓಣಿಯಲ್ಲಿ ಯಾರಿಗೆ ಬ್ಯಾನಿ ಶುರುವಾದರೂ ಮೊದಲು ಕರೆ ಬರುತ್ತಿದ್ದುದು ಆಯಿಗೆ. ಸೂಲಗಿತ್ತಿಯ ಸರಂಜಾಮು ಇಷ್ಟೇ: ಒಳ್ಳೆಣ್ಣೆ, ಕಾಯಿಸಿದ ನೀರು, ಕೂಸನ್ನು ಸುತ್ತಲು ತೊಳೆದು ತೊಳೆದು ಮೆತ್ತಗಾದ ಇಳಕಲ್ ಸೀರೆಯ ತುಂಡು. "ಅವಸರ ಮಾಡಬ್ಯಾಡವ್ವಾ, ಕೂಸು ತನ್ನ ದಾರಿ ತಾನ ಹುಡಕತೈತಿ" ಎನ್ನುತ್ತ ಬಸುರಿಯನ್ನು ಮಲಗಗೊಡದೆ ಅಡ್ಡಾಡಿಸುತ್ತಿದ್ದಳು, ಕುಕ್ಕರಗಾಲಲ್ಲಿ ಕೂರಿಸುತ್ತಿದ್ದಳು. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ಚಾಲುಕ್ಯರ ಕಾಲದ ಲಜ್ಜಾಗೌರಿ ಶಿಲ್ಪದ ಮುಂದೆ ನಿಂತಾಗಲೆಲ್ಲ ನನಗೆ ಆ ಹೆರಿಗೆಯ ಕೋಣೆಯೇ ನೆನಪು. ಮೊಣಕಾಲು ಮಡಚಿ ತೆರೆದ ಆ ಭಂಗಿಗೆ ಪಂಡಿತರು ಏನು ಅರ್ಥವನ್ನಾದರೂ ಹೇಳಲಿ.

ಹಾಗಂತ ಆ ಕಾಲವನ್ನು ಬರೀ ಹೊಗಳಲಾರೆ. ಕೂಸು ಅಡ್ಡ ತಿರುಗಿದರೆ ಆಯಿಯೂ ಚಕ್ಕಡಿ ಕಟ್ಟಿಸಿ ಬಾಗಲಕೋಟೆಯ ದಾರಿ ಹಿಡಿಸುತ್ತಿದ್ದಳು. ಮುಟ್ಟದೆ ಹೋದವರೂ ಇದ್ದರು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹೆರಿಗೆ ಆಸ್ಪತ್ರೆಯತ್ತ ನಡೆಯಿತು, ಒಳ್ಳೆಯದೇ ಆಯಿತು. ಆದರೆ ಸಿಸೇರಿಯನ್ ನೂರಕ್ಕೆ 10–15 ದಾಟಲು ಕಾರಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ ಹೇಳಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ 31ರ ಮೇಲಿದೆ. ನಮ್ಮ ಹೆಂಗಸರ ಸೊಂಟವೇನು ಇಷ್ಟು ಬೇಗ ಬದಲಾಯಿತೇ?

ನಾನು ಹುಟ್ಟಿದ್ದು ಆಯಿಯ ಕೈಯಲ್ಲಿ. ನನ್ನ ಇಬ್ಬರು ಮಕ್ಕಳನ್ನೂ ಕೊಯ್ದು ತೆಗೆದರು.