ಕಟ್ಟದೆ ಕಾಯುವ ಕೆಲಸ: ಆಸ್ಪತ್ರೆಯ ಆಕ್ರಮಣ ಮತ್ತು ಬಲಪ್ರಯೋಗವಿಲ್ಲದ ತಡೆ

ಇಂಗ್ಲೆಂಡಿನ ಲಿಂಕನ್ ಪಟ್ಟಣದ ಮಾನಸಿಕ ಆಸ್ಪತ್ರೆಯಲ್ಲಿ 1829ರಲ್ಲಿ ವಿಲಿಯಂ ಸ್ಕ್ರಿವಿಂಜರ್ ಎಂಬ ರೋಗಿ ಸತ್ತ. ಅವನಿಗೆ ಬಿಗಿಯಂಗಿ ತೊಡಿಸಿ, ರಾತ್ರಿ ಹಾಸಿಗೆಗೆ ಪಟ್ಟಿಗಳಿಂದ ಕಟ್ಟಿಹಾಕಲಾಗಿತ್ತು. ಕಾವಲಿಗೆ ಯಾರೂ ಇರಲಿಲ್ಲ. ಆಸ್ಪತ್ರೆಯ ಆಡಳಿತದವರು ಕಟ್ಟಿಹಾಕುವುದನ್ನು ನಿಷೇಧಿಸಲಿಲ್ಲ. ರಾತ್ರಿ ಯಾರನ್ನಾದರೂ ಕಟ್ಟಿದರೆ ಪರಿಚಾರಕನೊಬ್ಬ ಅದೇ ಕೋಣೆಯಲ್ಲಿ ಇರಲೇಬೇಕು ಎಂದಷ್ಟೇ ನಿಯಮ ಮಾಡಿದರು. ಮೇಲ್ನೋಟಕ್ಕೆ ಇದು ಸಣ್ಣ ತಿದ್ದುಪಡಿ. ಆದರೆ ಅಲ್ಲಿಯವರೆಗೆ ಕಟ್ಟಿಹಾಕುವುದೆಂದರೆ ಆಳು ಉಳಿಸುವ ಉಪಾಯ. ಇನ್ನು ಮುಂದೆ ಕಟ್ಟಿದರೂ ಒಂದು ಆಳು ಬೇಕು. ಆಳು ಹೇಗೂ ಎದುರಿಗೆ ಕೂತಿರುವಾಗ ಕಟ್ಟುವ ಅಗತ್ಯವಾದರೂ ಏನು?

ನಿಯಮವೊಂದರಿಂದಲೇ ಕೆಲಸ ಮುಗಿಯಲಿಲ್ಲ. ಮರುವರ್ಷ, 1830ರಲ್ಲಿ, ಆ ಆಸ್ಪತ್ರೆಯ 92 ರೋಗಿಗಳ ಪೈಕಿ 54 ಜನರನ್ನು ಒಟ್ಟು 2,364 ಬಾರಿ ಕಟ್ಟಿಹಾಕಿದ ದಾಖಲೆ ಇದೆ. ವೈದ್ಯ ಎಡ್ವರ್ಡ್ ಪಾರ್ಕರ್ ಚಾರ್ಲ್ಸ್‌ವರ್ತ್ ಒಂದೊಂದೇ ಬಗೆಯ ಕಟ್ಟನ್ನು ಬಳಕೆಯಿಂದ ತೆಗೆಸುತ್ತ ಬಂದರು. 1835ರಲ್ಲಿ ಆಸ್ಪತ್ರೆಗೆ ಸೇರಿದ ರಾಬರ್ಟ್ ಗಾರ್ಡಿನರ್ ಹಿಲ್ ಎಂಬ ಯುವ ಶಸ್ತ್ರವೈದ್ಯ ಅದನ್ನು ಕೊನೆ ಮುಟ್ಟಿಸಿದರು. 1837ರಲ್ಲಿ 130 ರೋಗಿಗಳಲ್ಲಿ ಕಟ್ಟಿಗೆ ಸಿಕ್ಕವರು ಇಬ್ಬರೇ. ಅದರ ಮುಂದಿನ ವರ್ಷ ಒಬ್ಬರೂ ಇಲ್ಲ. ಕಟ್ಟಿದ ಪ್ರತಿಯೊಂದು ಸಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದಲೇ ಈ ಅಂಕಿಗಳು ನಮಗೆ ಸಿಕ್ಕಿವೆ. ಬರೆಯದೆ ಹೋಗಿದ್ದರೆ ಇಳಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಬಹುಶಃ ಇಳಿಕೆಯೇ ಆಗುತ್ತಿರಲಿಲ್ಲ.

ಹಿಲ್ ತಮ್ಮ ಪದ್ಧತಿಗೆ ಹಾಕಿದ ಷರತ್ತುಗಳನ್ನು ಇತಿಹಾಸ ಬರೆದವರು ಹಲವು ಸಲ ಮರೆತಿದ್ದಾರೆ. ಸರಿಯಾಗಿ ಕಟ್ಟಿದ ಕಟ್ಟಡ, ಸಾಕಷ್ಟು ಸಂಖ್ಯೆಯ ಯೋಗ್ಯ ಪರಿಚಾರಕರು, ಎಡೆಬಿಡದ ಕಾವಲು ಇದ್ದರೆ ಮಾತ್ರ ಕಟ್ಟು ಎಂದೂ ಬೇಕಾಗದು ಎಂಬುದು ಅವರ ವಾದವಾಗಿತ್ತು. 1839ರಲ್ಲಿ ಲಂಡನ್ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಜಾನ್ ಕಾನಲಿ ಎಂಟುನೂರರಷ್ಟು ರೋಗಿಗಳ ನಡುವೆ ಇದನ್ನೇ ಜಾರಿಗೆ ತಂದಾಗ ಕೆಲವೇ ತಿಂಗಳಲ್ಲಿ ಕಟ್ಟುಗಳು ಮಾಯವಾದವು. ಆದರೆ ಮೆತ್ತೆ ಹೊದಿಸಿದ ಗೋಡೆಗಳ ಒಂಟಿ ಕೋಣೆ ಅವುಗಳ ಜಾಗಕ್ಕೆ ಬಂತು. ಬಲಪ್ರಯೋಗ ಹೀಗೆ ರೂಪ ಬದಲಿಸಿಕೊಂಡು ಉಳಿಯುವುದು ಅಂದಿಗೇ ಮುಗಿದ ಕಥೆಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದು ಮಂಪರು ತರುವ ಸೂಜಿಮದ್ದಿನ ರೂಪದಲ್ಲೂ ಬಂತು. ಬಲವನ್ನು ತೆಗೆದ ಜಾಗದಲ್ಲಿ ಏನನ್ನು ಇಡಲಾಗಿದೆ ಎಂದು ಕೇಳದೆ ಯಾವ ಸುಧಾರಣೆಯನ್ನೂ ಅಳೆಯಲಾಗದು. ಆ ಜಾಗವನ್ನು ತುಂಬಬೇಕಾದದ್ದು ಕೆಲಸದ ವ್ಯವಸ್ಥೆಯೇ ಹೊರತು ಕೆಲಸಗಾರನ ತಾಳ್ಮೆಯೊಂದೇ ಅಲ್ಲ ಎಂಬುದು ಈ ಲೇಖನದ ವಾದ.

ಏಟು ಬೀಳುವುದಕ್ಕೆ ಮುಂಚೆ ಏನು ನಡೆಯುತ್ತದೆ? 1998ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಡೇವಿಡ್ ಬೆನೆಟ್ ಎಂಬ 38 ವರ್ಷದ ಕಪ್ಪುಜನಾಂಗದ ರೋಗಿ ಮಾನಸಿಕ ಚಿಕಿತ್ಸಾಲಯದಲ್ಲಿ ಸತ್ತ ಪ್ರಕರಣ ಇದಕ್ಕೆ ಕಠೋರವಾದ ಉತ್ತರ ಕೊಡುತ್ತದೆ. ಇನ್ನೊಬ್ಬ ರೋಗಿ ಅವನ ಬಣ್ಣವನ್ನು ಹಿಡಿದು ಬೈದ. ಇಬ್ಬರ ನಡುವೆ ಜಗಳವಾಯಿತು. ಆ ರಾತ್ರಿ ಬೇರೆ ವಾರ್ಡಿಗೆ ಕಳಿಸಿದ್ದು ಬೆನೆಟ್‌ನನ್ನೇ. ಹೊಸ ವಾರ್ಡಿನಲ್ಲಿ ಅವನು ನರ್ಸೊಬ್ಬರಿಗೆ ಹೊಡೆದ. ಸಿಬ್ಬಂದಿ ಅವನನ್ನು ಮುಖ ಕೆಳಗಾಗಿ ನೆಲಕ್ಕೆ ಒತ್ತಿ ಹಿಡಿದರು; ಹಿಡಿತದಲ್ಲಿಯೇ ಅವನು ಕುಸಿದ. ಹಾಗೆ ಮುಖ ಕೆಳಗಾಗಿ ಒತ್ತಿ ಹಿಡಿಯುವುದು ಮೂರು ನಿಮಿಷ ಮೀರಬಾರದು ಎಂದು ನಂತರದ ಸ್ವತಂತ್ರ ವಿಚಾರಣೆ ಶಿಫಾರಸು ಮಾಡಿತು. ಜನರಿಗೆ ನೆನಪಿರುವುದು ಆ ಮೂರು ನಿಮಿಷದ ಮಿತಿ. ಅದಕ್ಕಿಂತ ದೊಡ್ಡ ತೀರ್ಮಾನ ಹೊಡೆತಕ್ಕೆ ಮೊದಲೇ ಆಗಿಹೋಗಿತ್ತು. ಬೈಸಿಕೊಂಡವನನ್ನೇ ಎಬ್ಬಿಸಿ ಕಳಿಸುವುದು ಅವನಿಗೆ ಹೇಗೆ ಕಂಡೀತೆಂದು ಆ ಗಳಿಗೆಯಲ್ಲಿ ಯೋಚಿಸಿದ್ದರೆ ರಾತ್ರಿ ಬೇರೆ ದಾರಿ ಹಿಡಿಯಬಹುದಿತ್ತು.

ಇಂಥ ಗಳಿಗೆಗಳನ್ನೇ ಹುಡುಕಿ ಹೊರಟವರು ಲಂಡನ್ನಿನ ಕಿಂಗ್ಸ್ ಕಾಲೇಜಿನ ಮನೋವೈದ್ಯಕೀಯ ಶುಶ್ರೂಷೆಯ ಪ್ರಾಧ್ಯಾಪಕರಾಗಿದ್ದ ಲೆನ್ ಬವರ್ಸ್. ವಾರ್ಡಿನಲ್ಲಿ ಕಿಡಿ ಹೊತ್ತಿಕೊಳ್ಳುವ ಸಂದರ್ಭಗಳು ಬಹುಪಾಲು ಮೊದಲೇ ಗೊತ್ತಿರುವಂಥವು ಎಂಬುದು ಅವರ ‘ಸೇಫ್‌ವಾರ್ಡ್ಸ್’ ಮಾದರಿಯ ಅಡಿಪಾಯ: ಕೇಳಿದ್ದಕ್ಕೆ ‘ಇಲ್ಲ’ ಎನ್ನಬೇಕಾದಾಗ, ಮನೆಯಿಂದ ಕೆಟ್ಟ ಸುದ್ದಿ ಬಂದಾಗ, ಬೀಗ ಹಾಕಿದ ಬಾಗಿಲ ಮುಂದೆ ರೋಗಿ ನಿಂತಾಗ. ಇದಕ್ಕಾಗಿ ಅವರ ತಂಡ ರೂಪಿಸಿದ ಹತ್ತು ಕ್ರಮಗಳು ತೀರಾ ಸಾದಾ. ರೋಗಿಗಳೂ ಸಿಬ್ಬಂದಿಯೂ ಪರಸ್ಪರರಿಂದ ಏನು ನಿರೀಕ್ಷಿಸುತ್ತಾರೆಂದು ಒಟ್ಟಿಗೆ ಕೂತು ಬರೆದು ಗೋಡೆಗೆ ಹಚ್ಚುವುದು, ಕೆಟ್ಟ ಸುದ್ದಿ ಬರುವ ದಿನ ಆ ರೋಗಿಯ ಬಳಿ ಮೊದಲೇ ಒಬ್ಬರು ಇರುವುದು, ಗಲಾಟೆ ನಡೆದ ಮೇಲೆ ಅದನ್ನು ನೋಡಿ ಹೆದರಿದ ಉಳಿದ ರೋಗಿಗಳಿಗೆ ಧೈರ್ಯ ಹೇಳುವುದು, ಪಾಳಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಒಳ್ಳೆಯ ಮಾತನ್ನಾದರೂ ದಾಟಿಸುವುದು ಅವುಗಳಲ್ಲಿ ಕೆಲವು. 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಚೀಟಿ ಎತ್ತಿದಂತೆ ವಿಂಗಡಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಂಘರ್ಷದ ಪ್ರಮಾಣ ಶೇಕಡ 15ರಷ್ಟೂ, ಒತ್ತಿ ಹಿಡಿಯುವುದೂ ಸೇರಿದಂತೆ ನಿಯಂತ್ರಣ ಕ್ರಮಗಳು ಶೇಕಡ 26ರಷ್ಟೂ ಇಳಿದವು. ಎಲ್ಲ ವಾರ್ಡುಗಳೂ ಹತ್ತನ್ನೂ ನಿಷ್ಠೆಯಿಂದ ಪಾಲಿಸಲಿಲ್ಲ. ಆದರೂ ಇಷ್ಟು ಇಳಿಯಿತು.

ಮುನ್ಸೂಚನೆ ಓದುವುದೂ ಕಲಿಯಬಹುದಾದ ಕೆಲಸವೇ. ನಾರ್ವೆಯಲ್ಲಿ ರೂಪುಗೊಂಡ ಬ್ರೋಸೆಟ್ ಪಟ್ಟಿ ಆರೇ ಅಂಶಗಳನ್ನು ಕೇಳುತ್ತದೆ: ಗೊಂದಲ, ಸಿಡುಕು, ಅಬ್ಬರ, ಬಾಯಿಮಾತಿನ ಬೆದರಿಕೆ, ಮೈಮೇಲೆ ಏರಿಹೋಗುವ ಬೆದರಿಕೆ, ವಸ್ತುಗಳ ಮೇಲೆ ಏಟು. ನರ್ಸ್ ಒಬ್ಬರು ಪಾಳಿಗೊಮ್ಮೆ ಇದನ್ನು ತುಂಬಲು ಹೆಚ್ಚು ಹೊತ್ತು ಹಿಡಿಯದು. ಮುಂದಿನ 24 ಗಂಟೆಗಳ ಅಪಾಯದ ಅಂದಾಜು ಸಿಗುತ್ತದೆ. ಸ್ವಿಟ್ಜರ್ಲೆಂಡಿನ 14 ವಾರ್ಡುಗಳ ಅಧ್ಯಯನ 2008ರಲ್ಲಿ ವರದಿಯಾಯಿತು. ಪಟ್ಟಿಯನ್ನು ಚೀಟಿಯಂತೆ ಪಾಲಾಗಿ ಪಡೆದ ವಾರ್ಡುಗಳಲ್ಲಿ ತೀವ್ರ ಆಕ್ರಮಣದ ಘಟನೆಗಳು ಶೇಕಡ 41ರಷ್ಟು, ಬಲವಂತದ ಕ್ರಮಗಳು ಶೇಕಡ 27ರಷ್ಟು ತಗ್ಗಿದ್ದವು. ರೋಗಿ ಕೂಗಾಡುವ ತನಕ ಕಾಯದೆ ಸಿಡುಕಿದಾಗಲೇ ಯಾರೋ ಹತ್ತಿರ ಹೋಗಿ ಕೂತಿರಬೇಕು ಎಂದು ಈ ಇಳಿಕೆಯನ್ನು ಓದಬಹುದು.

ಭಾರತದ ಅನುಭವಕ್ಕೆ ಇನ್ನೊಂದು ಮುಖವಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೇ ಕರೆಸಿ ಆವರಣದಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡರು. ಮುಂದೆ ವೆಲ್ಲೂರಿನಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದೊಂದಿಗೆ ಇರುವ ವಾರ್ಡುಗಳು ಬಂದವು. ಅಮ್ಮನೋ ಅಣ್ಣನೋ ಹಾಸಿಗೆಯ ಪಕ್ಕದಲ್ಲಿದ್ದಾಗ, ಅನ್ನ ಕಲಸಿ ಕೊಡುವ ಕೈ ಪರಿಚಿತವಾಗಿದ್ದಾಗ, ರೋಗಿಯ ಭಯ ಎಷ್ಟೋ ತಗ್ಗುತ್ತದೆ. ಇದೇ ನೆಲದಲ್ಲಿ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾಗದೆ ಸುಟ್ಟುಹೋದರು. ಒಟ್ಟು 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಇಂದು ಒಂಟಿ ಸೆರೆಯನ್ನು ನಿಷೇಧಿಸುತ್ತದೆ; ಕೂಡಲೇ ಆಗಬಹುದಾದ ಹಾನಿ ತಡೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ, ಮನೋವೈದ್ಯರ ಒಪ್ಪಿಗೆಯ ಮೇಲೆ ದೈಹಿಕ ನಿರ್ಬಂಧಕ್ಕೆ ಅವಕಾಶ ಕೊಡುತ್ತದೆ; ಪ್ರತಿಯೊಂದನ್ನೂ ದಾಖಲಿಸಬೇಕು ಎನ್ನುತ್ತದೆ. ಸಿಬ್ಬಂದಿ ಕೊರತೆಯೊಂದೇ ಕಾರಣಕ್ಕೆ ಯಾರನ್ನೂ ಕಟ್ಟಬಾರದು ಎಂದೂ ಅದರಲ್ಲಿದೆ. ಕಟ್ಟು ಎಲ್ಲಿಂದ ಹುಟ್ಟುತ್ತದೆಂದು ಈ ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಮನೋವೈದ್ಯಕೀಯ ವಾರ್ಡಿನಲ್ಲಿ ಸಮಾಧಾನ ತರುವ ಅದೇ ಬಂಧುಗಳು ಜಿಲ್ಲಾಸ್ಪತ್ರೆಯ ಕ್ಯಾಶುಯಲ್ಟಿಯಲ್ಲಿ ‘ಪೇಷಂಟ್ ಕಡೆಯವರು’ ಎಂಬ ಗುಂಪಾಗಿಬಿಡುತ್ತಾರೆ. ಸಿಬ್ಬಂದಿ ಅಂಜುವುದು ರೋಗಿಗಿಂತ ಹೆಚ್ಚಾಗಿ ಅವರಿಗೆ. ಒಂದು ಕಡೆ ಅವರಿಗೆ ಕೆಲಸವಿದೆ, ನಡೆಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಕಡೆ ಮುಚ್ಚಿದ ಬಾಗಿಲು, ಕೈಯಲ್ಲಿ ಚೀಟಿ, ಯಾವ ಕೌಂಟರಿಗೆ ಓಡಬೇಕೆಂದು ತಿಳಿಯದ ದಿಗಿಲು. ಒಳಗೆ ಇರುವ ಡ್ಯೂಟಿ ಡಾಕ್ಟರು ಹಲವು ಸಲ ಇನ್ನೂ ಹೌಸ್ ಸರ್ಜನ್ ವಯಸ್ಸಿನವರು. ಸಾವಿನ ಸುದ್ದಿಯನ್ನು ಕಾರಿಡಾರಿನಲ್ಲಿ, ನಿಂತ ನಿಲುವಿನಲ್ಲಿ, ಎಲ್ಲರ ಮುಂದೆ ಅವರೇ ಹೇಳಬೇಕು.

ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು 2009ರ ಕಾಯ್ದೆ ಇದೆ: ಅದು ಬಂದಾಗ ಮೂರು ವರ್ಷದವರೆಗೆ ಸೆರೆ, 50 ಸಾವಿರ ರೂಪಾಯಿವರೆಗೆ ದಂಡ ಇತ್ತು, ಅಪರಾಧ ಜಾಮೀನು ಸಿಗದ್ದು. ಹೊಡೆಸಿಕೊಂಡವರಿಗೆ ಕಾನೂನಿನ ಆಸರೆ ಬೇಕೇ ಬೇಕು. ಆದರೆ ಶಿಕ್ಷೆಯ ಭಯ ಲೆಕ್ಕ ಹಾಕುವವರನ್ನು ತಡೆಯುತ್ತದೆ. ಮಗುವಿನ ಉಸಿರು ನಿಂತ ಸುದ್ದಿ ಆಗತಾನೆ ಕೇಳಿದ ತಂದೆ ಕಲಂ ನೆನೆಯುವುದಿಲ್ಲ. 2023ರ ಮೇ ತಿಂಗಳಲ್ಲಿ ಕೇರಳದ ಕೊಟ್ಟಾರಕ್ಕರದ ತಾಲ್ಲೂಕು ಆಸ್ಪತ್ರೆಯಲ್ಲಿ ಪೊಲೀಸರೇ ಕರೆತಂದ ವ್ಯಕ್ತಿ ಯುವ ವೈದ್ಯೆಯೊಬ್ಬರನ್ನು ಕತ್ತರಿಯಿಂದ ಇರಿದು ಕೊಂದಾಗಲೂ ಕೇರಳದಲ್ಲಿ ಇಂಥ ಕಾಯ್ದೆ ಇತ್ತು, ಪೊಲೀಸರೂ ಇದ್ದರು. ಉದ್ವಿಗ್ನನಾಗಿರುವವನನ್ನು ಯಾವ ಕೋಣೆಯಲ್ಲಿ, ಯಾರ ಸಮ್ಮುಖದಲ್ಲಿ, ಚೂಪಾದ ಉಪಕರಣಗಳನ್ನು ದೂರವಿಟ್ಟು ನೋಡಬೇಕು ಎಂಬುದು ದಂಡಸಂಹಿತೆ ಉತ್ತರಿಸುವ ಪ್ರಶ್ನೆಯಲ್ಲ. ಅದು ಆಸ್ಪತ್ರೆಯ ದಿನನಿತ್ಯದ ಏರ್ಪಾಟಿಗೆ ಸೇರಿದ್ದು.

ಕಾಯುವಿಕೆಯ ಏರ್ಪಾಟು ಬದಲಿಸಿದರೆ ಏನಾಗುತ್ತದೆ? ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ಮತ್ತು ಆರೋಗ್ಯ ಇಲಾಖೆ ಪಿಯರ್ಸನ್‌ಲಾಯ್ಡ್ ಎಂಬ ವಿನ್ಯಾಸ ಸಂಸ್ಥೆಯ ಮೂಲಕ ಸೌತಾಂಪ್ಟನ್ ಮತ್ತು ಲಂಡನ್ನಿನ ನ್ಯೂಹ್ಯಾಮ್ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಒಂದು ಪ್ರಯೋಗ ನಡೆಸಿದವು. ಅಲ್ಲಿ ಹೊಸ ಕಾವಲುಗಾರರನ್ನು ನೇಮಿಸಲಿಲ್ಲ. ಗೋಡೆಗಳ ಮೇಲೆ ಉದ್ದುದ್ದ ಫಲಕ ಹಾಕಿದರು. ನೀವೀಗ ಇರುವುದು ಇಲ್ಲಿ, ಇಲ್ಲಿ ನಡೆಯುವುದು ಇದು, ಮುಂದೆ ಹೋಗುವುದು ಅಲ್ಲಿಗೆ, ನಿಮಗಿಂತ ಆಮೇಲೆ ಬಂದವರನ್ನು ಮೊದಲು ಕರೆದರೆ ಕಾರಣ ಇದು ಎಂದು ಅವು ವಿವರಿಸಿದವು. ಬೆದರಿಸುವ ಹಾವಭಾವ ಮತ್ತು ಆಕ್ರಮಣಕಾರಿ ನಡವಳಿಕೆ ಅರ್ಧದಷ್ಟು ಇಳಿಯಿತು ಎಂದು ಮೌಲ್ಯಮಾಪನ ಹೇಳಿತು. ನಾಲ್ವರಲ್ಲಿ ಮೂವರು ರೋಗಿಗಳು ತಮ್ಮ ಹತಾಶೆ ಕಡಿಮೆಯಾಯಿತೆಂದರು. ಸರದಿಯ ನ್ಯಾಯ ಅರ್ಥವಾಗದಿದ್ದಾಗ ಸರದಿಯೇ ಅವಮಾನದಂತೆ ಕಾಣುತ್ತದೆ. ‘ಯಾರದೋ ಶಿಫಾರಸು ಇರಬೇಕು’ ಎಂಬ ಗುಮಾನಿ ನಮ್ಮ ಹೊರರೋಗಿ ವಿಭಾಗಗಳ ಬೆಂಚುಗಳ ಮೇಲೆ ಎಷ್ಟು ಸಲೀಸಾಗಿ ಹರಿದಾಡುತ್ತದೆಂದು ಅಲ್ಲಿ ಕೂತವರಿಗೆಲ್ಲ ಗೊತ್ತು.

ಮಾತೇರಿದ ಮೇಲೂ ದಾರಿಗಳಿವೆ. ಅಮೆರಿಕದ ತುರ್ತು ಮನೋವೈದ್ಯರ ಸಂಘ 2012ರಲ್ಲಿ ‘ಬೀಟಾ’ ಯೋಜನೆಯಡಿ ಕೊಟ್ಟ ಮಾರ್ಗದರ್ಶನ ಕೆಲಸಕ್ಕೆ ಬರುವಂಥದ್ದು. ಎರಡು ತೋಳಳತೆಯ ದೂರ ಇರಲಿ, ಬಾಗಿಲಿನ ದಾರಿ ಇಬ್ಬರಿಗೂ ತೆರೆದಿರಲಿ, ಮಾತಾಡುವವರು ಒಬ್ಬರೇ ಇರಲಿ, ವಾಕ್ಯ ಚಿಕ್ಕದಿರಲಿ, ಅದನ್ನೇ ಮತ್ತೆ ಹೇಳಿ, ಅವರಿಗೆ ಬೇಕಾದದ್ದೇನೆಂದು ಕೇಳಿ, ಒಪ್ಪಬಹುದಾದ ಒಂದು ಅಂಶವನ್ನಾದರೂ ಹುಡುಕಿ, ಆಯ್ಕೆ ಕೊಡಿ. ಐದು ನಿಮಿಷದೊಳಗೇ ಇದು ಫಲ ಕೊಡುವುದುಂಟು ಎನ್ನುತ್ತದೆ ಆ ಮಾರ್ಗದರ್ಶಿ. ಅನುಭವಸ್ಥ ಸಿಸ್ಟರ್ ಒಬ್ಬರು “ಅಣ್ಣಾ, ಇಲ್ಲಿ ಕೂತ್ಕೊಳ್ಳಿ. ಅಮ್ಮನ್ನ ಡಾಕ್ಟ್ರು ನೋಡ್ತಾ ಇದಾರೆ. ಹತ್ತು ನಿಮಿಷಕ್ಕೆ ನಾನೇ ಬಂದು ಹೇಳ್ತೀನಿ” ಎಂದಾಗ ಇವುಗಳಲ್ಲಿ ಬಹುಪಾಲು ತಾನಾಗಿಯೇ ಬಂದಿರುತ್ತದೆ. ಹತ್ತು ನಿಮಿಷಕ್ಕೆ ಆಕೆ ನಿಜಕ್ಕೂ ಬರಲು ಸಾಧ್ಯವೇ ಎಂಬುದು ಮಾತ್ರ ಆಕೆಯ ಕೈಯಲ್ಲಿಲ್ಲ. ಎಷ್ಟು ಹಾಸಿಗೆಗೆ ಎಷ್ಟು ನರ್ಸ್ ಎಂದು ನಿರ್ಧರಿಸುವ ಮೇಜು ಬೇರೆಲ್ಲೋ ಇದೆ.

ಹೀಗಾಗಿಯೇ ತರಬೇತಿಯೊಂದನ್ನೇ ನೆಚ್ಚಿಕೊಂಡವರಿಗೆ ನಿರಾಸೆಯಾಗಿದೆ. ಒಂಬತ್ತು ಅಧ್ಯಯನಗಳನ್ನು ಪರಿಶೀಲಿಸಿದ 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ತರಬೇತಿಯಿಂದ ಸಿಬ್ಬಂದಿಯ ತಿಳಿವಳಿಕೆಯೂ ಧೋರಣೆಯೂ ಸ್ವಲ್ಪಕಾಲ ಸುಧಾರಿಸಬಹುದು. ಆಕ್ರಮಣದ ಘಟನೆಗಳ ಸಂಖ್ಯೆ ಇಳಿದೀತೆಂದು ಹೇಳಲು ಆಧಾರ ಸಾಲದು. ಇದಕ್ಕೆ ಎದುರಾಗಿ ಅಮೆರಿಕದ ಆಸ್ಪತ್ರೆ ಸಮೂಹವೊಂದರ 41 ಘಟಕಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗವನ್ನು ಇಟ್ಟು ನೋಡಬೇಕು. ಅಲ್ಲಿ ಪ್ರಯೋಗದ ಗುಂಪಿಗೆ ಸೇರಿದ ಪ್ರತಿ ಘಟಕಕ್ಕೂ ಅದರದೇ ಹಿಂಸೆಯ ದಾಖಲೆಯನ್ನು ಕೊಟ್ಟು, ಅದನ್ನು ನೋಡಿ ತಮ್ಮದೇ ಯೋಜನೆ ಮಾಡಿಕೊಳ್ಳಲು ಮೇಲ್ವಿಚಾರಕರಿಗೆ ಹೇಳಲಾಯಿತು. ಆರು ತಿಂಗಳಲ್ಲಿ ಅವುಗಳ ಹಿಂಸೆಯ ಪ್ರಮಾಣ ಹೋಲಿಕೆಯ ಘಟಕಗಳದಕ್ಕಿಂತ ಅರ್ಧದಷ್ಟಿತ್ತು. ಎರಡು ವರ್ಷದ ನಂತರವೂ ಗಾಯದ ಪ್ರಮಾಣ ಕಡಿಮೆಯೇ ಇತ್ತು.

ಕರ್ನಾಟಕದ ಆಸ್ಪತ್ರೆಗಳಲ್ಲಿ ಇದನ್ನು ಶುರುಮಾಡಲು ಒಂದು ರಿಜಿಸ್ಟರ್ ಸಾಕು: ಗಂಟೆ, ಜಾಗ, ಆಗ ಡ್ಯೂಟಿಯಲ್ಲಿದ್ದವರ ಸಂಖ್ಯೆ, ಕೂಗಾಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಬಂಧುಗಳಿಗೆ ಯಾರು ಏನು ಹೇಳಿದ್ದರು. ಏಟು ಬಿದ್ದು ಎಫ್‌ಐಆರ್ ಆದ ಪ್ರಕರಣಗಳಷ್ಟೇ ಅಲ್ಲ, ಬೈಗುಳದಲ್ಲಿ ಮುಗಿದವೂ ಅದರಲ್ಲಿ ಸೇರಬೇಕು. ಬರೆಸುವ ಹಕ್ಕು ವೈದ್ಯರಿಗೆ ಮಾತ್ರ ಇದ್ದರೆ ಆ ಪುಸ್ತಕ ಅರ್ಧ ಖಾಲಿಯಾಗಿಯೇ ಉಳಿಯುತ್ತದೆ. ಮೊದಲ ಬೈಗುಳ ಬೀಳುವುದು ಗೇಟಿನ ಸೆಕ್ಯುರಿಟಿಯ ಮೇಲೆ, ಸ್ಟ್ರೆಚರ್ ತಳ್ಳುವವನ ಮೇಲೆ, ಚೀಟಿ ಬರೆಯುವ ಹುಡುಗಿಯ ಮೇಲೆ, ಆಯಾ ಮೇಲೆ. ಇವರಲ್ಲಿ ಹೆಚ್ಚಿನವರು ಏಜೆನ್ಸಿಯ ಮೂಲಕ ಹೊರಗುತ್ತಿಗೆಯಲ್ಲಿ ಬಂದವರು. ದೂರು ಕೊಟ್ಟರೆ ನಾಳೆ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಅಂಜಿಕೆ ಅವರಿಗೆ. ಟೆಂಡರ್ ಬದಲಾದಾಗ ಮುಖಗಳೂ ಬದಲಾಗುತ್ತವೆ, ಕಲಿತದ್ದು ಅವರ ಜೊತೆಗೇ ಹೊರಟುಹೋಗುತ್ತದೆ. ಗುತ್ತಿಗೆಯ ಕರಾರಿನಲ್ಲಿಯೇ ತರಬೇತಿಯ ದಿನಗಳಿಗೆ ಸಂಬಳ, ದೂರು ಬರೆಸಿದವರಿಗೆ ಕೆಲಸದ ರಕ್ಷಣೆ, ರಾತ್ರಿ ಪಾಳಿಯಲ್ಲಿ ಇಬ್ಬರಿಗಿಂತ ಕಡಿಮೆ ಇರಬಾರದೆಂಬ ಷರತ್ತು ಸೇರಿಸುವುದು ಜಿಲ್ಲಾ ಮಟ್ಟದ ಆರೋಗ್ಯ ರಕ್ಷಾ ಸಮಿತಿಗಳು ಮುಂದಿನ ಸಭೆಯಲ್ಲೇ ಎತ್ತಿಕೊಳ್ಳಬಹುದಾದ ವಿಷಯ.