ಅರವತ್ತು ರೂಪಾಯಿಯ ಚರ್ಚೆ



ನಮ್ಮ ಸಂಘದ ಇಪ್ಪತ್ತೈದು ವರ್ಷಗಳಲ್ಲಿ ಸಾಲ, ಗೊಬ್ಬರ, ಡಿವಿಡೆಂಡ್ ಎಂದು ಅನೇಕ ಚರ್ಚೆಗಳಾಗಿವೆ. ಆದರೆ ಅರವತ್ತು ರೂಪಾಯಿಗಾಗಿ ನಡೆದ ಚರ್ಚೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

2003ರ ಜೂನ್ 1ರಂದು ಸಹಕಾರಿ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಡಾ. ದೇವಿ ಶೆಟ್ಟಿಯವರ ಆಲೋಚನೆಗೆ ಸಹಕಾರ ಇಲಾಖೆ ಕೈಜೋಡಿಸಿತ್ತು. ಒಬ್ಬರಿಗೆ ತಿಂಗಳಿಗೆ 5 ರೂ.ನಂತೆ ವರ್ಷಕ್ಕೆ 60 ರೂ. ಕಟ್ಟಿದರೆ, ವರ್ಷದಲ್ಲಿ 2 ಲಕ್ಷ ರೂ.ವರೆಗಿನ ಶಸ್ತ್ರಚಿಕಿತ್ಸೆ.

"ಎಲ್ಲರ ಡಿವಿಡೆಂಡಿನಲ್ಲೂ ಹಿಡ್ಕೊಂಡುಬಿಡಿ" ಎಂದರು ಕೆಲವರು. "ನಾನು ಗಟ್ಟಿಯಾಗಿದೀನಿ, ನನ್ನ ದುಡ್ಡು ಯಾಕೆ ಹಿಡೀತೀರಿ?" ಎಂದರು ಇನ್ನು ಕೆಲವರು. ಎರಡು ಮಾತಲ್ಲೂ ನ್ಯಾಯವಿತ್ತು.

ಕಡ್ಡಾಯ ವಿಮೆ ಹೊಸದೇನಲ್ಲ. ಜರ್ಮನಿಯಲ್ಲಿ 1883ರಲ್ಲೇ ಬಿಸ್ಮಾರ್ಕ್ ಕಾರ್ಮಿಕರಿಗೆ ಅದನ್ನು ತಂದರು. ನಮ್ಮ ದೇಶದಲ್ಲಿ 1948ರ ಇ.ಎಸ್.ಐ. ಕಾಯ್ದೆಯಂತೆ ಕಾರ್ಖಾನೆಯವರ ಸಂಬಳದಲ್ಲಿ ವಂತಿಗೆ ಮುರಿದುಕೊಳ್ಳುವ ಪದ್ಧತಿ ಬಂತು. ಆದರೆ ರೈತನಿಗೆ ಸಂಬಳವೆಲ್ಲಿದೆ? ಹೀಗಾಗಿ ಯಶಸ್ವಿನಿ ಅವರವರ ಇಷ್ಟಕ್ಕೇ ಉಳಿಯಿತು.

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು, ಮರುವರ್ಷ 20 ಲಕ್ಷ ದಾಟಿತು. 2005ರಲ್ಲಿ ವಂತಿಗೆ 120 ರೂ. ಆದಾಗ ಸಂಖ್ಯೆ ಸುಮಾರು 15 ಲಕ್ಷಕ್ಕೆ ಇಳಿಯಿತು. ವಿಮೆಯ ಕಷ್ಟವೇ ಇದು. ಗಟ್ಟಿಮುಟ್ಟಾದವರು ಬಿಟ್ಟುಹೋದರೆ ಕಾಯಿಲೆಯವರೇ ಉಳಿಯುತ್ತಾರೆ, ಉಳಿದವರ ಮೇಲೆ ಹೊರೆ ಹೆಚ್ಚುತ್ತದೆ. ಮಾರ್ಕೋನಹಳ್ಳಿ ಜಲಾಶಯದ ನಾಲೆಯ ಹೂಳು ತೆಗೆಯಲು ಕೊನೇ ಗದ್ದೆಯವನೊಬ್ಬನೇ ಬಂದರೆ ಆಗುತ್ತದೆಯೇ?

2018ರಲ್ಲಿ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿ ನಿಲ್ಲಿಸಲಾಯಿತು. ಸಹಕಾರಿಗಳ ಒತ್ತಾಯದ ಮೇಲೆ 2022ರ ನವೆಂಬರಿನಲ್ಲಿ ನೋಂದಣಿ ಮತ್ತೆ ಆರಂಭವಾಗಿ, 2023ರ ಜನವರಿ 1ರಿಂದ ಚಿಕಿತ್ಸೆ ಸಿಗತೊಡಗಿತು. ಆಗ ಗ್ರಾಮೀಣರಿಗೆ ನಾಲ್ವರ ಕುಟುಂಬಕ್ಕೆ 500 ರೂ. ಗೊತ್ತುಮಾಡಿದರು. ತಲೆಲೆಕ್ಕ ಹೋಗಿ ಮನೆಲೆಕ್ಕ ಬಂತು. ಮನೆಯಲ್ಲಿ ಕಾಯಿಲೆಯವರ ಜೊತೆ ಗಟ್ಟಿ ಇರುವವರೂ ಸೇರಿದಂತಾಯಿತು. ಬಲವಂತವಿಲ್ಲದೆಯೇ ಅರ್ಧ ಸಮಸ್ಯೆಗೆ ಇದು ಉತ್ತರ.

ಉಳಿದರ್ಧ ನಮ್ಮ ಕೈಲಿದೆ. ಕೇಳದೆ ಹಿಡಿದ ದುಡ್ಡು ಸಂಘದ ಮೇಲಿನ ನಂಬಿಕೆ ಕೆಡಿಸುತ್ತದೆ. ಮಹಾಸಭೆಯಲ್ಲಿ ಲೆಕ್ಕ ಬಿಡಿಸಿ ಹೇಳಿ, ಸಹಿ ಪಡೆದು ಹಿಡಿಯೋಣ. ಕಟ್ಟಲಾಗದ ಮನೆಗೆ ಸಂಘವೇ ನೆರವಾಗಲಿ. ಒಂದು ಆಪರೇಷನ್ನಿಗಾಗಿ ಅರ್ಧ ಎಕರೆ ಮಾರುವ ಸ್ಥಿತಿ ಯಾವ ಸದಸ್ಯರಿಗೂ ಬಾರದಿರಲಿ. ಎಲ್ಲರಿಗಾಗಿ ತಾನು, ತನಗಾಗಿ ಎಲ್ಲರೂ ಎಂಬ ಮಾತು ಬೋರ್ಡಿನ ಮೇಲಷ್ಟೇ ಉಳಿಯದಿರಲಿ.