ಆಲೂಗೆಡ್ಡೆಯೂ ತಳಿಕಾರನ ಹಕ್ಕೂ

ಹೊಸದೊಂದು ಯಂತ್ರವನ್ನು ನಿರ್ಮಿಸಿದವನಿಗೆ ಕೆಲವು ವರ್ಷಗಳ ಕಾಲ ಅದರ ಮೇಲೆ ವಿಶೇಷವಾದ ಹಕ್ಕಿರಬೇಕೆಂಬ ಭಾವನೆ ಪಾಶ್ಚಾತ್ಯ ನ್ಯಾಯಪದ್ಧತಿಯಲ್ಲಿ ಬಹಳ ಹಿಂದಿನದು. ಆದರೆ ಹೊಸದೊಂದು ಬೆಳೆಯ ತಳಿಯನ್ನು ಸಾಧಿಸಿದವನಿಗೆ ಅಂತಹ ಹಕ್ಕು ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಅರೆಮನಸ್ಸಿನಿಂದ. ಈ ವಿಳಂಬಕ್ಕೆ ಶಾಸನಕಾರರ ಉದಾಸೀನವೊಂದೇ ಕಾರಣವೆಂದು ಹೇಳಲಾಗದು. ಯಂತ್ರವು ತನ್ನಂತಹ ಮತ್ತೊಂದು ಯಂತ್ರವನ್ನು ಹೆರುವುದಿಲ್ಲ. ಬೀಜವಾದರೋ ಒಂದಕ್ಕೆ ನೂರಾಗುತ್ತದೆ. ಮಾರಿದ ವಸ್ತುವಿನೊಳಗೇ ಅದನ್ನು ತಯಾರಿಸುವ ಶಕ್ತಿಯೂ ಕೊಂಡವನ ಕೈ ಸೇರುತ್ತದೆ. ತಳಿಕಾರನ ಕಷ್ಟಗಳೆಲ್ಲಕ್ಕೂ ಮೂಲ ಇದೇ ಎಂಬುದನ್ನು ಒಂದು ಬೆಳೆಯ, ಎಂದರೆ ಆಲೂಗೆಡ್ಡೆಯ, ಚರಿತ್ರೆಯನ್ನು ಹಿಡಿದು ಈ ಲೇಖನದಲ್ಲಿ ಪರಿಶೀಲಿಸೋಣ.

ಅಮೆರಿಕದ ಪ್ರಸಿದ್ಧ ತಳಿಕಾರ ಲೂಥರ್ ಬರ್ಬ್ಯಾಂಕನು (1849–1926) ಮ್ಯಾಸಚೂಸೆಟ್ಸಿನ ಲೂನೆನ್‌ಬರ್ಗಿನಲ್ಲಿ ತರಕಾರಿ ಬೆಳೆಯುತ್ತಿದ್ದ ಯುವಕನಾಗಿದ್ದಾಗ, 1872ರಲ್ಲಿ, ತನ್ನ ಹೊಲದ ಆಲೂಗೆಡ್ಡೆಯ ಗಿಡವೊಂದರಲ್ಲಿ ಬೀಜದ ಕಾಯನ್ನು ಕಂಡನು. ಆ ತಳಿಯಲ್ಲಿ ಕಾಯಿ ಕಟ್ಟುವುದು ಅಪರೂಪ. ಅದರೊಳಗಿದ್ದ 23 ಬೀಜಗಳನ್ನು ಬಿತ್ತಿ, ಹುಟ್ಟಿದ ಗಿಡಗಳಲ್ಲಿ ಅತ್ಯುತ್ತಮವಾದುದನ್ನು ಆರಿಸಿಕೊಂಡನು. ಈ ತಳಿಯನ್ನು ಜೇಮ್ಸ್ ಗ್ರೆಗರಿ ಎಂಬ ಬೀಜದ ವ್ಯಾಪಾರಿಗೆ ಮಾರಿದಾಗ ಅವನಿಗೆ ದೊರೆತದ್ದು 150 ಡಾಲರು ಮಾತ್ರ. ಗ್ರೆಗರಿ ಅದಕ್ಕೆ ಬರ್ಬ್ಯಾಂಕನ ಹೆಸರನ್ನೇ ಇಟ್ಟನು; ಹತ್ತು ಗೆಡ್ಡೆಗಳನ್ನು ಇಟ್ಟುಕೊಳ್ಳಲು ಅವನಿಗೆ ಅನುಮತಿಯನ್ನೂ ಕೊಟ್ಟನು. ಅವುಗಳೊಡನೆ 1875ರಲ್ಲಿ ಬರ್ಬ್ಯಾಂಕನು ಕ್ಯಾಲಿಫೋರ್ನಿಯಕ್ಕೆ ಹೊರಟುಹೋದನು. ಆ ತಳಿಯಿಂದಲೇ ಮುಂದೆ ಬಂದ ‘ರಸೆಟ್ ಬರ್ಬ್ಯಾಂಕ್’ ಅಮೆರಿಕದ ಮುಖ್ಯ ಆಲೂಗೆಡ್ಡೆಗಳಲ್ಲೊಂದಾಯಿತು. ಆದರೆ ಮೊದಲ ಮಾರಾಟದ ಹಣದಾಚೆಗೆ ತಳಿಕಾರನಿಗೆ ಯಾವ ಹಕ್ಕೂ ಉಳಿಯಲಿಲ್ಲ.

ಗ್ರೆಗರಿ ವಂಚಕನಾಗಿದ್ದನೆಂದು ಇದರಿಂದ ಭಾವಿಸಬೇಕಾಗಿಲ್ಲ. ಒಂದು ವರ್ಷ ಗೆಡ್ಡೆಗಳನ್ನು ಕೊಂಡ ರೈತನೇ ಮರುವರ್ಷ ಅವನ ಪ್ರತಿಸ್ಪರ್ಧಿಯಾಗಬಲ್ಲವನಾಗಿದ್ದನು. ಹಾಗಿರುವಾಗ ಅವನು ಹೆಚ್ಚಿನ ಬೆಲೆಯನ್ನು ಕೊಡುವುದಾದರೂ ಹೇಗೆ? ನ್ಯಾಯದ ದೃಷ್ಟಿಯೂ ತಳಿಕಾರನಿಗೆ ಅನುಕೂಲವಾಗಿರಲಿಲ್ಲ. 1889ರಲ್ಲಿ ಪೈನ್ ಮರದ ಎಲೆಯಿಂದ ತೆಗೆದ ನಾರಿಗೆ ಪೇಟೆಂಟು ಬೇಡಿದ ಲ್ಯಾಟಿಮರ್ ಎಂಬಾತನ ಅರ್ಜಿಯನ್ನು ಅಮೆರಿಕದ ಪೇಟೆಂಟು ಆಯುಕ್ತರು ತಿರಸ್ಕರಿಸಿದರು. ಪ್ರಕೃತಿಯೇ ನಿರ್ಮಿಸಿದುದಕ್ಕೆ ಮನುಷ್ಯನು ಒಡೆಯನಾಗಲಾರನೆಂಬುದು ಅದರ ತಾತ್ಪರ್ಯ. ತಳಿಕಾರನ ಆಯ್ಕೆ, ಸಂಕರ, ವರ್ಷಗಟ್ಟಲೆಯ ಕಾವಲು ಇವೆಲ್ಲವೂ ಈ ತತ್ತ್ವದ ಮುಂದೆ ನಿಲ್ಲದಾದವು.

ಕಾನೂನಿನ ಆಶ್ರಯವಿಲ್ಲದವನಿಗೆ ಬೇಲಿಯೊಂದೇ ಗತಿ. 1914ರಲ್ಲಿ ಸ್ಟಾರ್ಕ್ ಸಹೋದರರ ಸಸ್ಯೋದ್ಯಮವು ಪಶ್ಚಿಮ ವರ್ಜೀನಿಯದ ಕ್ಲೇ ಪ್ರಾಂತದಲ್ಲಿ ತಾನಾಗಿ ಬೆಳೆದಿದ್ದ ಒಂದೇ ಒಂದು ಸೇಬಿನ ಮರವನ್ನು 5,000 ಡಾಲರಿಗೆ ಕೊಂಡಿತು. ‘ಗೋಲ್ಡನ್ ಡೆಲಿಷಸ್’ ಎಂದು ಪ್ರಖ್ಯಾತವಾದ ಸೇಬು ಇದೇ. ಯಾರಾದರೂ ಒಂದು ಕಡ್ಡಿಯನ್ನು ಕದ್ದು ಕಸಿ ಮಾಡಿದರೆ ಕೊಟ್ಟ ಹಣವೆಲ್ಲ ವ್ಯರ್ಥವಾಗುವುದೆಂಬ ಭಯದಿಂದ ಆ ಮರದ ಸುತ್ತ ಪಂಜರವನ್ನೇ ಕಟ್ಟಿಸಲಾಯಿತು. ಆದರೆ ಪಂಜರವು ಒಂದು ಮರವನ್ನು ಕಾಯಬಹುದೇ ಹೊರತು, ಸಸಿಗಳು ಮಾರಾಟವಾದ ಮೇಲೆ ಸಾವಿರ ತೋಟಗಳನ್ನು ಕಾಯಲಾರದು.

ಬರ್ಬ್ಯಾಂಕನು ತೀರಿಕೊಂಡ ನಾಲ್ಕು ವರ್ಷಗಳ ತರುವಾಯ, 1930ರ ಮೇ 23ರಂದು, ಅಮೆರಿಕದ ಸಸ್ಯ ಪೇಟೆಂಟು ಕಾಯಿದೆಗೆ ಅಧ್ಯಕ್ಷ ಹೂವರರ ಅಂಕಿತ ಬಿದ್ದಿತು. ಮರುವರ್ಷ ಮೊದಲನೆಯ ಪೇಟೆಂಟು ‘ನ್ಯೂ ಡಾನ್’ ಎಂಬ ಗುಲಾಬಿಗೆ ದೊರೆಯಿತು. ಶಾಸನದ ಸಮರ್ಥಕರು ಬರ್ಬ್ಯಾಂಕನ ಹೆಸರನ್ನು ಮುಂದಿಟ್ಟುಕೊಂಡೇ ವಾದಿಸಿದ್ದರು. ಆದರೆ ಅದರ ವ್ಯಾಪ್ತಿಯನ್ನು ನೋಡಿದರೆ ಒಂದು ವೈಚಿತ್ರ್ಯ ಗೋಚರವಾಗುತ್ತದೆ. ಕಸಿಯಿಂದಲೋ ಕಡ್ಡಿಯಿಂದಲೋ ವೃದ್ಧಿಯಾಗುವ ಗಿಡಗಳಿಗೆ ಮಾತ್ರ ಅದು ಅನ್ವಯಿಸಿತು. ಬೀಜದಿಂದ ಬೆಳೆಯುವ ಧಾನ್ಯಗಳು ಅದರ ಹೊರಗೇ ಉಳಿದವು. ಗೆಡ್ಡೆಯಿಂದ ವೃದ್ಧಿಯಾಗುವ ಸಸ್ಯಗಳನ್ನಂತೂ ಸ್ಪಷ್ಟವಾದ ಮಾತುಗಳಲ್ಲಿ ಕೈಬಿಡಲಾಯಿತು. ಬರ್ಬ್ಯಾಂಕನಿಗೆ ಕೀರ್ತಿಯನ್ನು ತಂದ ಆಲೂಗೆಡ್ಡೆಗೇ ಅವನ ಹೆಸರಿನಲ್ಲಿ ಬಂದ ಶಾಸನದಲ್ಲಿ ಸ್ಥಳವಿಲ್ಲವಾಯಿತು.

ಇದಕ್ಕೆ ಕೊಟ್ಟ ಕಾರಣ ವಿಚಾರಾರ್ಹವಾದುದು. ಗುಲಾಬಿಯಲ್ಲಿ ಮಾರುವ ಹೂವು ಬೇರೆ, ಕಸಿಗೆ ಬೇಕಾದ ಕಣ್ಣು ಬೇರೆ. ಆಲೂಗೆಡ್ಡೆಯಲ್ಲಾದರೋ ತಿನ್ನುವ ಭಾಗವೂ ನೆಡುವ ಭಾಗವೂ ಒಂದೇ. ಅಡುಗೆಮನೆಗೆ ಹೋಗುವ ಚೀಲಕ್ಕೂ ಹೊಲಕ್ಕೆ ಹೋಗುವ ಚೀಲಕ್ಕೂ ವ್ಯತ್ಯಾಸವಿಲ್ಲದಿರುವಾಗ, ತಳಿಕಾರನ ಹಕ್ಕು ಜನರ ಆಹಾರದ ಮೇಲಣ ಹಕ್ಕಾಗಿ ಪರಿಣಮಿಸಬಹುದು. ಮುಂದೆ ಎಪ್ಪತ್ತು ವರ್ಷಗಳ ಕಾಲ ನಾನಾ ದೇಶಗಳು ಎದುರಿಸಿದ ಪ್ರಶ್ನೆಯ ತಿರುಳು ಇಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

ಯೂರೋಪಿನ ದೇಶಗಳು ಬೇರೆ ದಾರಿಯನ್ನು ಹಿಡಿದವು. 1961ರ ಡಿಸೆಂಬರ್ 2ರಂದು ಪ್ಯಾರಿಸ್ಸಿನಲ್ಲಿ ‘ಯುಪೋವ್’ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿಯಾಯಿತು. ತಳಿಯು ಹೊಸದಾಗಿರಬೇಕು, ಇತರ ತಳಿಗಳಿಂದ ಭಿನ್ನವಾಗಿರಬೇಕು, ಗಿಡಗಳೆಲ್ಲ ಏಕರೂಪವಾಗಿರಬೇಕು, ತಲೆಮಾರುಗಳು ಕಳೆದರೂ ಸ್ಥಿರವಾಗಿರಬೇಕು ಎಂಬವು ಅದರ ನಿಬಂಧನೆಗಳು. ತಳಿಕಾರನ ಹಕ್ಕು ಮುಖ್ಯವಾಗಿ ಬೀಜದ ವ್ಯಾಪಾರಕ್ಕೆ ಸೀಮಿತವಾಗಿತ್ತು. ರೈತನು ತನ್ನ ಬೆಳೆಯಿಂದ ಬೀಜವನ್ನು ತೆಗೆದಿಟ್ಟು ತಾನೇ ಬಿತ್ತಿಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. 1991ರ ತಿದ್ದುಪಡಿಯು ಈ ಸ್ಥಿತಿಯನ್ನು ಬದಲಾಯಿಸಿತು. ಅದುವರೆಗೆ ಸಹಜವೆನಿಸಿದ್ದ ರೈತನ ರೂಢಿಯು, ಆಯಾ ಸರ್ಕಾರಗಳು ಇಚ್ಛಿಸಿದರೆ ಮಾತ್ರ ಕೊಡಬಹುದಾದ ವಿನಾಯಿತಿಯಾಯಿತು. ಅಮೆರಿಕದಲ್ಲಿಯೂ 1970ರ ಕಾಯಿದೆಯಿಂದ ಬೀಜದ ಬೆಳೆಗಳಿಗೆ ರಕ್ಷಣೆ ಲಭಿಸಿತು. ಆಲೂಗೆಡ್ಡೆಯು 1994ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ನಮ್ಮ ನಾಡಿನ ಅನುಭವ ಇದಕ್ಕಿಂತ ಭಿನ್ನ. ಇಲ್ಲಿ ತಳಿಕಾರನೆಂದರೆ ಬಹುಮಟ್ಟಿಗೆ ಸರ್ಕಾರದ ಸಂಬಳದಲ್ಲಿದ್ದ ವಿಜ್ಞಾನಿ. ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ‘ಇಂಡಾಫ್’ ತಳಿಗಳನ್ನು ಸಾಧಿಸಿದರು. ರಾಗಿಯು ಸ್ವಕೀಯ ಪರಾಗಸ್ಪರ್ಶದ ಬೆಳೆಯಾದುದರಿಂದ ಒಮ್ಮೆ ಬೀಜ ದೊರೆತ ರೈತನು ಮತ್ತೆ ಕೊಳ್ಳಬೇಕಾಗಿರಲಿಲ್ಲ. ನೆಂಟರಿಷ್ಟರ ಮೂಲಕ ಹೊಲದಿಂದ ಹೊಲಕ್ಕೆ ಹರಡುವುದೇ ತಳಿಯ ಯಶಸ್ಸೆನಿಸಿತ್ತು. 1972ರಲ್ಲಿ ಧಾರವಾಡದಿಂದ ಹೊರಬಂದ ‘ವರಲಕ್ಷ್ಮಿ’ ಹತ್ತಿಯ ರೀತಿ ಬೇರೆ. ಅದು ಸಂಕರ ತಳಿ. ಪ್ರತಿಯೊಂದು ಹೂವಿನ ಗಂಡುಭಾಗವನ್ನು ಕೈಯಿಂದ ತೆಗೆದು ಪರಾಗಸ್ಪರ್ಶ ಮಾಡಿಸಿ ಬೀಜವನ್ನು ಪಡೆಯಬೇಕು. ಬೆಳೆಯ ಬೀಜವನ್ನು ಮರುವರ್ಷ ಬಿತ್ತಿದರೆ ಮೊದಲಿನ ಗುಣ ಉಳಿಯದು. ಕಾನೂನು ಕೊಡದ ರಕ್ಷಣೆಯನ್ನು ಇಲ್ಲಿ ಸಸ್ಯದ ಸ್ವಭಾವವೇ ಕೊಟ್ಟಿತು. ಬೀಜದ ಉದ್ಯಮವು ಸಂಕರ ತಳಿಗಳತ್ತ ಒಲಿದುದಕ್ಕೆ ಇದೂ ಒಂದು ಕಾರಣ.

ಜಾಗತಿಕ ವ್ಯಾಪಾರದ ಒಪ್ಪಂದದಲ್ಲಿ ಬೀಜದ ವಿಷಯವೂ ಸೇರುವುದೆಂದು ತಿಳಿದಾಗ ಕರ್ನಾಟಕದ ರೈತರು ಅದನ್ನು ತೀವ್ರವಾಗಿ ವಿರೋಧಿಸಿದರು. 1992ರ ಡಿಸೆಂಬರಿನಲ್ಲಿ ರಾಜ್ಯ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನಲ್ಲಿ ವಿದೇಶೀ ಬೀಜ ಕಂಪನಿಯೊಂದರ ಕಚೇರಿಗೆ ನುಗ್ಗಿದ ಘಟನೆ ದೇಶದ ಗಮನವನ್ನು ಸೆಳೆಯಿತು. 1995ರಲ್ಲಿ ಒಪ್ಪಂದ ಜಾರಿಗೆ ಬಂದುದರಿಂದ ಭಾರತವು ಏನಾದರೊಂದು ಶಾಸನವನ್ನು ಮಾಡಲೇಬೇಕಾಯಿತು. 2001ರ ಸಸ್ಯ ತಳಿಗಳ ಹಾಗೂ ರೈತರ ಹಕ್ಕುಗಳ ಸಂರಕ್ಷಣಾ ಕಾಯಿದೆಯು ಯುಪೋವಿನ ಪರೀಕ್ಷೆಗಳನ್ನು ಅಂಗೀಕರಿಸಿದರೂ ರೈತನ ರೂಢಿಯನ್ನು ಹಕ್ಕೆಂದೇ ಸಾರಿತು. ಅದರ 39ನೆಯ ಪ್ರಕರಣದಂತೆ ರೈತನು ರಕ್ಷಿತ ತಳಿಯ ಬೀಜವನ್ನೂ ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಮುದ್ರೆಯೊತ್ತಿದ ಬೀಜವಾಗಿ ಮಾತ್ರ ಮಾರುವಂತಿಲ್ಲ.

ಈ ಕಾಯಿದೆಯು ಕಠಿಣವಾದ ಪರೀಕ್ಷೆಗೆ ಒಳಗಾದುದು ಮತ್ತೆ ಆಲೂಗೆಡ್ಡೆಯಿಂದಲೇ ಎಂಬುದು ಗಮನಾರ್ಹ. ಹುರಿದ ಬಿಲ್ಲೆಗಳಿಗೆ ಯೋಗ್ಯವಾದ ‘ಎಫ್.ಎಲ್. 2027’ ಎಂಬ ತಳಿಯನ್ನು ಪೆಪ್ಸಿಕೋ ಸಂಸ್ಥೆಯು 2016ರಲ್ಲಿ ನೋಂದಾಯಿಸಿತ್ತು. ತನ್ನ ಅನುಮತಿಯಿಲ್ಲದೆ ಅದನ್ನು ಬೆಳೆದರೆಂದು ಗುಜರಾತಿನ ಕೆಲವು ರೈತರ ಮೇಲೆ 2019ರಲ್ಲಿ ದಾವೆ ಹೂಡಿತು. ನಾಲ್ವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೇಲ್ಪಟ್ಟು ಪರಿಹಾರವನ್ನು ಕೇಳಿತು. ದೇಶವ್ಯಾಪಿಯಾದ ಪ್ರತಿಭಟನೆಯಾದ ಮೇಲೆ ಮೇ ತಿಂಗಳಿನಲ್ಲಿ ದಾವೆಗಳನ್ನು ಹಿಂತೆಗೆದುಕೊಂಡಿತು. ನೋಂದಣಿಯ ಅರ್ಜಿಯಲ್ಲಿ ಮೊದಲ ಮಾರಾಟದ ದಿನಾಂಕವೇ ಮೊದಲಾದ ವಿಷಯಗಳಲ್ಲಿ ದೋಷವಿದೆಯೆಂದು ಪ್ರಾಧಿಕಾರವು 2021ರ ಡಿಸೆಂಬರಿನಲ್ಲಿ ನೋಂದಣಿಯನ್ನು ರದ್ದುಪಡಿಸಿತು. ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2023ರಲ್ಲಿ ಅದನ್ನು ಎತ್ತಿಹಿಡಿಯಿತು. 2024ರ ಜನವರಿಯಲ್ಲಿ ವಿಭಾಗೀಯ ಪೀಠವು ಅವೆರಡು ಆದೇಶಗಳನ್ನೂ ತಳ್ಳಿಹಾಕಿತು.

ಈ ವ್ಯಾಜ್ಯದಿಂದ ತಿಳಿದುಬರುವ ಅಂಶಗಳು ಎರಡು. ನೋಂದಣಿಯ ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ತಳಿಕಾರನ ಹಕ್ಕು ಭದ್ರವಾಗದು. ಅರ್ಜಿಯಲ್ಲಿ ಬರೆದ ಒಂದು ದಿನಾಂಕದ ಮೇಲೆ ವರ್ಷಗಟ್ಟಲೆ ವಾದ ನಡೆಯಬಹುದು. ಪರರ ಹೊಲದಲ್ಲಿರುವ ಗಿಡ ತನ್ನದೇ ತಳಿಯೆಂದು ರುಜುವಾತುಪಡಿಸುವ ಹೊಣೆಯೂ ಅವನದೇ. ದೊಡ್ಡ ಸಂಸ್ಥೆಗೇ ಇದು ಇಷ್ಟು ಕಷ್ಟವಾದರೆ, ಬರ್ಬ್ಯಾಂಕನಂತಹ ಒಬ್ಬಂಟಿ ತಳಿಕಾರನ ಪಾಡೇನು? ಇದು ಒಂದು ಅಂಶ. ಮತ್ತೊಂದು, ಹಕ್ಕಿನ ಗಡಿ ಕಾಗದದ ಮೇಲೆ ಸ್ಪಷ್ಟವಾಗಿದ್ದರೂ ಸಾಮಾನ್ಯ ರೈತನಿಗೆ ನ್ಯಾಯಾಲಯದ ಕರೆಯೇ ಒಂದು ಶಿಕ್ಷೆ. ದಾವೆಯನ್ನು ಗೆಲ್ಲುವ ಮೊದಲೇ ಅವನು ಸೋತುಹೋಗಬಹುದು.

ತಳಿಕಾರನಿಗೆ ಪ್ರತಿಫಲವಿರಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕೆಲವು ವರ್ಷಗಳ ಶ್ರಮಕ್ಕೆ 150 ಡಾಲರು ನ್ಯಾಯವೆನ್ನಲು ಯಾರಿಗೂ ಮನಸ್ಸು ಬಾರದು. ಆದರೆ ಆ ಶ್ರಮವೂ ಶೂನ್ಯದಿಂದ ಹೊರಡುವುದಿಲ್ಲ. ಹೊಸ ತಳಿಯ ತಾಯಿ-ತಂದೆಗಳನ್ನು ಕಾಪಾಡಿಕೊಂಡು ಬಂದವರು ಹೆಸರಿಲ್ಲದ ಅಸಂಖ್ಯ ರೈತರು. ಪ್ರತಿ ಸುಗ್ಗಿಯಲ್ಲಿಯೂ ಉತ್ತಮವಾದ ತೆನೆಯನ್ನು ಬೀಜಕ್ಕೆಂದು ಎತ್ತಿಟ್ಟ ಅವರ ರೂಢಿಯಿಂದಲೇ ತಳಿಶಾಸ್ತ್ರ ಹುಟ್ಟಿತು. ಆ ರೂಢಿಯನ್ನು ಅಪರಾಧವೆಂದು ಎಣಿಸುವ ಶಾಸನವು ತಳಿಕಾರನ ಮುಂದಿನ ಸಾಧನೆಯ ಬೇರನ್ನೇ ಕಡಿದಂತಾಗುತ್ತದೆ. ಮಾರುಕಟ್ಟೆಯ ಬೀಜಕ್ಕೂ ಮನೆಯ ಬೀಜಕ್ಕೂ ನಡುವೆ 2001ರ ಕಾಯಿದೆ ಎಳೆದ ಗೆರೆ ಪರಿಪೂರ್ಣವಲ್ಲದಿರಬಹುದು. ಆದರೂ 1930ರಲ್ಲಿ ಆಲೂಗೆಡ್ಡೆಯ ಮುಂದೆ ಹಿಂಜರಿದ ಶಾಸನಕಾರರ ಸಂದೇಹಕ್ಕೆ ಈವರೆಗೆ ದೊರೆತ ಉತ್ತರಗಳಲ್ಲಿ ಅದು ಹೆಚ್ಚು ವಿವೇಕವುಳ್ಳದ್ದೆಂದು ನಮ್ಮ ಅಭಿಪ್ರಾಯ.